ಅಚ್ಚು ಅಂದರೆ ಯಾವ ಅಚ್ಚು

ಹಲಗೆಯ ಮೇಲೆ ಕನ್ನಡ ವಾಕ್ಯವೊಂದನ್ನು ಬರೆದು ಪೂರ್ಣವಿರಾಮ ಇಡಲು ಹೋದರೆ ನನ್ನ ಕೈ ಈಚೆಗೆ ಒಂದು ಚೇಷ್ಟೆ ಮಾಡುತ್ತದೆ. ಚುಕ್ಕಿಯ ಕೆಳಗೆ ಒಂದು ಬಾಲ ಎಳೆದು ಅದನ್ನು ಅರ್ಧವಿರಾಮ ಮಾಡಿಬಿಡುತ್ತದೆ. ಷಟ್ಪದಿಯೊಂದರ ಸಾರಾಂಶ ಬರೆದು ತಿರುಗಿ ನೋಡಿದರೆ ಬಿ.ಸಿ.ಎ. ಹುಡುಗಿಯರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡು ನಗುತ್ತಿರುತ್ತಾರೆ. ಬಿ.ಕಾಂ. ಮಕ್ಕಳಿಗೆ ಈ ನಗುವಿನ ಗುಟ್ಟು ಗೊತ್ತಿಲ್ಲ. ವಾಕ್ಯ ಇನ್ನೂ ಮುಗಿದಿಲ್ಲ ಎಂದುಕೊಂಡು ಪಾಪ, ಪೆನ್ನು ಎತ್ತಿ ಹಿಡಿದು ಕಾಯುತ್ತಾರೆ.

ಈ ಚಾಳಿ ನನಗೆ ಅಂಟಿಕೊಂಡದ್ದು ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿನ ಕೆಲವು ವಾರಗಳಲ್ಲಿ. ಆ ವಾರಗಳನ್ನು ನೆನೆದರೆ ನಗು ಬರುತ್ತದೆ ಅನ್ನಬೇಕು, ಲಲಿತವಾಗಿ ಬರೆಯಲು ಕೂತವರು ಹಾಗೆಯೇ ಅನ್ನುತ್ತಾರೆ. ನನಗೆ ಮಾತ್ರ ಈಗಲೂ ನಗು ಬರುವುದಿಲ್ಲ.

ನಾನು ಕನ್ನಡದ ಅತಿಥಿ ಉಪನ್ಯಾಸಕಿ. ತಿಥಿ ನೋಡದೆ ಬರುವವನು ಅತಿಥಿ ಎಂದು ನಾನೇ ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಪಾಲಿಗೆ ಅದರ ಅರ್ಥ ಸ್ವಲ್ಪ ಬೇರೆ. ತಿಥಿ ನೋಡದೆ ಕಳಿಸಬಹುದಾದವರು. ಮನೆ ಭದ್ರಾವತಿಯ ಜನ್ನಾಪುರದಲ್ಲಿ, ಕಾಲೇಜು ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಿಂದ ಸ್ವಲ್ಪ ಒಳಗೆ. ಬೆಳಿಗ್ಗೆ ಒಂದು ಬಸ್ಸು ಹತ್ತಿ, ಇನ್ನೊಂದು ಬಸ್ಸಿಗೆ ಓಡಿ, ಬೆವರು ಒರೆಸಿಕೊಂಡು ಹಾಜರಿ ಕೂಗುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಆದರೂ ‘ಇವತ್ತಿನ ಪಾಠ’ ಎಂದು ಬಾಯಿ ತೆರೆದ ಕೂಡಲೇ ಹೋದ ಜೀವ ಎಲ್ಲಿಂದಲೋ ವಾಪಸು ಬರುತ್ತದೆ.

ಆ ವರ್ಷ ಬಿ.ಎ.ಗೆ ಸೇರಿದವರು ಬೆರಳೆಣಿಕೆಯಷ್ಟು. ಕನ್ನಡದ ಅವಧಿಗಳು ಕರಗಿದವು. ಪ್ರಾಂಶುಪಾಲರು ನನ್ನನ್ನು ಕೋಣೆಗೆ ಕರೆಸಿದಾಗಲೇ ಮಾತು ಎಲ್ಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಅವರು ವಾಣಿಜ್ಯಶಾಸ್ತ್ರದವರು, ಮಿತಭಾಷಿ, ಮೇಜಿನ ಗಾಜಿನ ಮೇಲೆ ಪೆನ್ನನ್ನು ಉರುಳಿಸುತ್ತಾ ಮಾತಾಡುವವರು. ಬಿ.ಸಿ.ಎ. ಮೊದಲ ವರ್ಷಕ್ಕೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಪಾಠವೇ ಹತ್ತುತ್ತಿಲ್ಲವಂತೆ, ಒಬ್ಬೊಬ್ಬರಾಗಿ ಬರುವುದನ್ನೇ ನಿಲ್ಲಿಸುತ್ತಿದ್ದಾರಂತೆ. ಅವರಿಗೆ ಕಂಪ್ಯೂಟರನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಸೇತುಬಂಧ ತರಗತಿ ಮಾಡಬೇಕೆಂದು ಆಡಳಿತ ಮಂಡಳಿಯವರು ಹೇಳಿದ್ದಾರಂತೆ. ನಾನು ತಲೆಯಾಡಿಸುತ್ತಾ ಕೇಳಿದೆ. ಇದರಲ್ಲಿ ನನ್ನ ಪಾತ್ರವೇನೆಂದು ಹೊಳೆದಿರಲಿಲ್ಲ.

“ಕಂಪ್ಯೂಟರ್ ಬರೋರಿಗೆ ಬಿಡಿಸಿ ಹೇಳೋ ಕನ್ನಡ ಬರಲ್ಲ. ನಿಮಗೆ ಕನ್ನಡ ಬರುತ್ತೆ, ಕಂಪ್ಯೂಟರ್ ಬರಲ್ಲ,” ಎಂದರು. “ಯಾವುದನ್ನ ಬೇಗ ಕಲೀಬಹುದು, ನೀವೇ ಹೇಳಿ ಮೇಡಂ.”

ಮೊದಲ ಪ್ರೋಗ್ರಾಂ ಒಂದನ್ನು ಕಲಿತು ಆ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕು, ಅವರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಮಕ್ಕಳಿಗೆ ಅರ್ಥವಾಯಿತೆಂದು ಅವರಿಗೆ ಅನ್ನಿಸಿದರೆ ಆ ಅವಧಿಗಳು ನನ್ನ ಹೆಸರಿಗೆ, ನಾನು ಕಾಲೇಜಿನಲ್ಲಿ ಇರುತ್ತೇನೆ. ಅನ್ನಿಸದಿದ್ದರೆ ಈ ವರ್ಷಕ್ಕೆ ಇಲ್ಲಿಗೆ ಸಾಕು. ಇಷ್ಟನ್ನು ಅವರು ಬಹಳ ಮರ್ಯಾದೆಯಿಂದಲೇ ಹೇಳಿದರು.

ಜನ್ನಾಪುರದಲ್ಲಿ ನಮ್ಮವರದೊಂದು ಟೈಲರಿಂಗ್ ಅಂಗಡಿ ಇದೆ. ನನ್ನ ಕೆಲಸ ಹೋದರೆ ಊಟಕ್ಕೇನೂ ಕುತ್ತು ಬರುವುದಿಲ್ಲ. ಮನೆಯಲ್ಲಿ ವಿಷಯ ಹೇಳಿದಾಗ ಅವರು ಕತ್ತರಿ ಕೆಳಗಿಡದೆಯೇ, ಹೋದರೆ ಹೋಗಲಿ ಬಿಡು, ಆರಾಮಾಗಿ ಮನೆಯಲ್ಲಿರು ಎಂದರು. ಸಮಾಧಾನಕ್ಕೆಂದು ಹೇಳಿದ ಆ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು. ಬೆಳಿಗ್ಗೆ ಸೀರೆಗೆ ಪಿನ್ನು ಚುಚ್ಚಿಕೊಂಡು ಬಸ್ಸಿಗೆ ಓಡದ ನಾನು ಯಾರೆಂಬುದು ನನಗೆ ನಿಜಕ್ಕೂ ಗೊತ್ತಿಲ್ಲ. ಆರಾಮಾಗಿ ಮನೆಯಲ್ಲಿರುವ ಆ ಹೆಂಗಸಿನ ಪರಿಚಯವೇ ನನಗಿಲ್ಲ.

ನನಗೆ ಕಲಿಸಲು ಒಪ್ಪಿದವಳು ಚೈತ್ರಾ. ಶಂಕರಘಟ್ಟದಲ್ಲಿ ಎಂ.ಸಿ.ಎ. ಮುಗಿಸಿ ನಮ್ಮಲ್ಲಿ ಕಂಪ್ಯೂಟರ್ ಹೇಳುತ್ತಿದ್ದ ಹುಡುಗಿ, ನನ್ನ ಹಾಗೆಯೇ ಅತಿಥಿ. ಒಳ್ಳೆಯವಳು, ಆದರೆ ಅವಳ ಮಾತಿಗೆ ಅಲ್ಪವಿರಾಮವೂ ಇಲ್ಲ. ಊಟದ ಬಿಡುವಿನಲ್ಲಿ ಲ್ಯಾಬಿನ ಮೂಲೆಯ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿಕೊಂಡು, ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು, ಇನ್ನೊಂದರಲ್ಲಿ ಟಪಟಪನೆ ಒತ್ತಿದಳು. ಪರದೆಯ ಮೇಲೆ ಜಾವಾ ಎಂಬ ಭಾಷೆಯ ಮೊದಲ ಪ್ರೋಗ್ರಾಂ ಮೂಡಿತು. ನಮಸ್ಕಾರ ಎಂದು ಒಂದು ಸಾಲು ತೋರಿಸುವುದಷ್ಟೇ ಅದರ ಕೆಲಸ. ಅಷ್ಟಕ್ಕೆ ಎಷ್ಟೊಂದು ಪೀಠಿಕೆ! ಮೊದಲಿಗೆ ಕ್ಲಾಸ್ ಎಂದು ಬರೆದು ಒಂದು ಹೆಸರು. ಆಮೇಲೆ ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಎಂಬ ನಾಲ್ಕು ಬಿರುದುಗಳ ಸಾಲು. ಅದಕ್ಕೊಂದು ಕಂಸ, ಕಂಸದೊಳಗೆ ಇನ್ನೇನೋ, ಬಳ್ಳಿಯಂತೆ ಬಾಗಿದ ಬೇರೆ ಕಂಸಗಳು. ಇಷ್ಟೆಲ್ಲ ಆದ ಮೇಲೆ ಒಳಗೆಲ್ಲೋ ನಮಸ್ಕಾರ, ಆ ಸಾಲಿನ ಕೊನೆಗೆ ಪೂರ್ಣವಿರಾಮದ ಬದಲು ಒಂದು ಅರ್ಧವಿರಾಮ.

ಸ್ಟ್ಯಾಟಿಕ್ ಅಂದರೇನು ಎಂದು ಕೇಳಿದೆ.

“ಅದು ಹಾಗೇ ಮೇಡಂ,” ಎಂದಳು. “ಈಗ ಕೇಳ್ಬೇಡಿ. ಬರೀತಾ ಹೋಗಿ, ಮುಂದೆ ಅರ್ಥ ಆಗುತ್ತೆ.”

ನನಗೆ ಸಿಟ್ಟು ಬಂತು. ಈ ಮಾತಿಗೆ ನನಗೆ ಸಿಟ್ಟು ಬರುವುದು ಹೊಸದಲ್ಲ. ಪ್ರಾಥಮಿಕ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ನಮ್ಮಿಂದ ರಾಗವಾಗಿ ಹೇಳಿಸುತ್ತಿದ್ದರು: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಎಲ್ಲರೂ ತೂಗುತ್ತಾ ಹೇಳುವಾಗ ನಾನೊಬ್ಬಳು ‘ದೆಸೆಯಿಂದ’ದಲ್ಲಿ ನಿಂತುಬಿಡುತ್ತಿದ್ದೆ. ಜನ್ನಾಪುರದಲ್ಲಿ ಯಾರೂ ಮರದ ದೆಸೆಯಿಂದ ಬಿದ್ದದ್ದನ್ನು ನಾನು ಕಂಡಿರಲಿಲ್ಲ, ಎಲ್ಲರೂ ಮರದಿಂದಲೇ ಬೀಳುತ್ತಿದ್ದರು. ಮೇಷ್ಟ್ರನ್ನು ಕೇಳಿದೆ. ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ, ಈಗ ಹೇಳು ಎಂದು ಕಿವಿ ಹಿಂಡಿದರು. ದೊಡ್ಡವಳಾಗಿ, ಕನ್ನಡದಲ್ಲಿಯೇ ಎಂ.ಎ. ಮಾಡಿ, ಅದನ್ನೇ ಪಾಠ ಮಾಡುವವಳಾದರೂ ‘ದೆಸೆಯಿಂದ’ ನನ್ನ ಬಾಯಿಗೆ ಒಂದು ದಿನವೂ ತಾನಾಗಿ ಬಂದಿಲ್ಲ. ಹಾಗಾಗಿ ‘ಮುಂದೆ’ ಎಂಬುದರ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಅದೂ ಅಲ್ಲದೆ, ಪ್ರಾಂಶುಪಾಲರು ಬಂದು ಕೂರುವ ದಿನ ನಾನು ಮಕ್ಕಳಿಗೆ ‘ಮುಂದೆ ಅರ್ಥ ಆಗುತ್ತೆ’ ಎಂದರೆ ನನಗೇ ಮುಂದೆ ಇರುವುದಿಲ್ಲ.

ಕಲಿಕೆ ಶುರುವಾಯಿತು. ಚೈತ್ರಾ ಸರಸರನೆ ಓದಿ ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ. ನಮಸ್ಕಾರವನ್ನು ತೋರಿಸುವ ಆ ಸಾಲಿನಲ್ಲಿ ಸಿಸ್ಟಮ್, ಚುಕ್ಕಿ, ಔಟ್, ಚುಕ್ಕಿ ಆದ ಮೇಲೆ ಅವಳು ಪ್ರತಿಸಲವೂ ‘ಪ್ರಿಂಟಿಲ್ಲ’ ಅನ್ನುತ್ತಿದ್ದಳು. ನಮ್ಮ ಲ್ಯಾಬಿನ ಪ್ರಿಂಟರು ಕೆಟ್ಟು ಬಹಳ ದಿನವಾಗಿತ್ತು. ಪ್ರಿಂಟ್ ಇಲ್ಲ ಎಂಬುದು ನನಗೂ ಗೊತ್ತಿದ್ದ ಸಂಗತಿಯಾದ್ದರಿಂದ, ಹೌದು ಹೌದು ಎಂದು ಮುಂದಕ್ಕೆ ಹೋಗುತ್ತಿದ್ದೆ. ಎಷ್ಟೋ ಸಲ ಹಾಗೆ ಹೋದ ಮೇಲೆ, ಅದು ಪ್ರಿಂಟಿಗೆ ಎಲ್ಲು ಎನ್ನು ಎಂಬ ಎರಡು ಅಕ್ಷರ ಸೇರಿಸಿದ ಒಂದು ಆಜ್ಞೆ, ಬರೆದು ಮುಂದಿನ ಸಾಲಿಗೆ ಹೋಗು ಎಂದು ಅದರ ಅರ್ಥ ಎಂದು ಗೊತ್ತಾಯಿತು. ಚೈತ್ರಾ ನಕ್ಕು ನಕ್ಕು ಚಿತ್ರಾನ್ನ ನೆತ್ತಿಗೆ ಹತ್ತಿಸಿಕೊಂಡಳು.

ಇನ್ನೊಂದು ಕಾಟ ದೊಡ್ಡಕ್ಷರ ಸಣ್ಣಕ್ಷರದ್ದು. ಸಿಸ್ಟಮ್ ಎಂಬುದರ ಮೊದಲ ಅಕ್ಷರವನ್ನು ಸಣ್ಣದಾಗಿ ಬರೆದರೆ ಪರದೆ ಕೆಂಪಾಗುತ್ತದೆ. ಕನ್ನಡದಲ್ಲಿ ಅಕ್ಷರಗಳೆಲ್ಲ ಸಮಾನರು. ಹೆಸರಿನ ಮೊದಲಲ್ಲಿ ಬಂದರೂ ‘ಸ’ ಸೊಕ್ಕುವುದಿಲ್ಲ, ಸಾಲಿನ ನಡುವೆ ಬಂದರೂ ಕುಗ್ಗುವುದಿಲ್ಲ. ಐದನೆಯ ತರಗತಿಯಲ್ಲಿ ನಾಲ್ಕು ಗೆರೆಯ ಪುಸ್ತಕದಲ್ಲಿ ಮೊದಲ ಸಲ ಎಬಿಸಿಡಿ ತಿದ್ದಿದಾಗಲೂ ಒಂದೇ ಅಕ್ಷರಕ್ಕೆ ಎರಡು ವೇಷ ಯಾಕೆಂದು ನನಗೆ ತಿಳಿದಿರಲಿಲ್ಲ. ಈಗ ಅದೇ ವೇಷ ನನ್ನ ಉದ್ಯೋಗದ ಮೇಲೆ ಬಂದು ಕೂತಿತ್ತು. ಹಟ ಹಿಡಿದು ಉದ್ಧರಣ ಚಿಹ್ನೆಗಳ ನಡುವೆ ಕನ್ನಡ ಲಿಪಿಯಲ್ಲೇ ‘ನಮಸ್ಕಾರ’ ಎಂದು ಒತ್ತಿ ಪ್ರೋಗ್ರಾಂ ಓಡಿಸಿದೆ. ಆ ಹಳೆಯ ಕಂಪ್ಯೂಟರು ನನ್ನ ನಮಸ್ಕಾರಕ್ಕೆ ಬದಲಾಗಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಸಾಲಾಗಿ ಉದುರಿಸಿತು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಗೆ ತಲೆಯಿಟ್ಟು ಅತ್ತೆ.

ಪದಗಳ ಜೊತೆ ಇನ್ನೊಂದು ಪೇಚು. ಜಾವಾ ಆಬ್ಜೆಕ್ಟುಗಳ ಮೇಲೆ ನಿಂತ ಭಾಷೆ ಎಂದು ಚೈತ್ರಾ ಹೇಳಿದಳು. ಆಬ್ಜೆಕ್ಟ್ ಅಂದರೆ ವ್ಯಾಕರಣದಲ್ಲಿ ಕರ್ಮಪದವಲ್ಲವೆ? ಕರ್ತೃ, ಕರ್ಮ, ಕ್ರಿಯೆ ನನಗೆ ಅಂಗೈ ನೆಲ್ಲಿ. ಸದ್ಯ ಪರಿಚಿತರೊಬ್ಬರು ಸಿಕ್ಕಿದರಲ್ಲ ಎಂದು ಖುಷಿಪಟ್ಟು ‘ಜಾವಾ ಒಂದು ಕರ್ಮಾಧಾರಿತ ಭಾಷೆ’ ಎಂದು ಪಾಠದ ಮೊದಲ ವಾಕ್ಯವನ್ನು ಬರೆದೇಬಿಟ್ಟೆ. ಚೈತ್ರಾ ಅದನ್ನು ಓದಿ, ಅದೊಂದು ನಿಜ ಮೇಡಂ ಎಂದಳು.

ಹೀಗೆ ದಿನಗಳು ಸರಿಯುತ್ತಿದ್ದವು, ಪಾಠದ ದಿನ ಹತ್ತಿರ ಬರುತ್ತಿತ್ತು. ನನ್ನ ತಲೆಯಲ್ಲಿ ಆ ಪ್ರೋಗ್ರಾಂ ಬಾಯಿಪಾಠವಾಗಿ ಮಾತ್ರ ಇತ್ತು. ರಾಗವೊಂದು ಕಡಿಮೆ.

ಮೊದಲ ಬೆಳಕು ಬಿದ್ದದ್ದು ಬಸ್ಸಿನಲ್ಲಿ. ಭದ್ರಾವತಿಯಿಂದ ಹೊರಟ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ನನ್ನನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, “ನೀನು ಯಾರ ಮಗಳವ್ವ?” ಎಂದರು. ನನಗೀಗ ನಡುವಯಸ್ಸು ದಾಟುತ್ತಿದೆ, ಹಾಗೆ ಕೇಳುವವರು ಕಡಿಮೆಯಾಗಿದ್ದಾರೆ. ಜನ್ನಾಪುರದ ರುದ್ರಪ್ಪನವರ ದೊಡ್ಡ ಮಗಳು ಎಂದೆ. ಅಜ್ಜಿಗೆ ಗುರುತು ಸಿಕ್ಕಿತು, ನನಗೆ ಬೇರೆಯದೇ ಸಿಕ್ಕಿತು. ಜನ್ನಾಪುರದ. ರುದ್ರಪ್ಪನವರ. ಮಗಳು. ದೊಡ್ಡದರಿಂದ ಚಿಕ್ಕದಕ್ಕೆ, ಊರಿನಿಂದ ಮನೆಗೆ, ಮನೆಯಿಂದ ಆಳಿಗೆ. ಸಿಸ್ಟಮ್ ಚುಕ್ಕಿ ಔಟ್ ಚುಕ್ಕಿ ಪ್ರಿಂಟ್ ಎಂದರೆ ಸಿಸ್ಟಮ್ಮಿನ ಔಟ್‌ನ ಪ್ರಿಂಟು! ಆ ಚುಕ್ಕಿ ನಮ್ಮ ಷಷ್ಠಿ ವಿಭಕ್ತಿ. ಇಂಗ್ಲಿಷಿನವರು ಇದನ್ನು ಬಿಡಿಸಿ ಹೇಳಬೇಕಾದರೆ ಕೊನೆಯಿಂದ ಹಿಂದಕ್ಕೆ ಬರಬೇಕು. ನಾವು ಬರೆದಿರುವಂತೆಯೇ ನೇರವಾಗಿ ಓದಿಕೊಂಡು ಹೋಗಬಹುದು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಜ್ಜಿಯ ಕೈ ಹಿಡಿದುಕೊಂಡೆ. ಅಪ್ಪನ ನೆನಪಾಯಿತೇನೋ ಎಂದುಕೊಂಡು ಅವರೂ ನನ್ನ ಕೈ ತಟ್ಟಿದರು.

ಆಮೇಲೆ ಕೆಲವು ಪದಗಳು ತಾವಾಗಿ ಬಗ್ಗಿದವು. ಪಬ್ಲಿಕ್ ಅಂದರೆ ಹೊರಗಿನವರು ಯಾರು ಬೇಕಾದರೂ ಕರೆಯಬಹುದು ಎಂದು ಬಾಗಿಲು ತೆರೆದಿಟ್ಟ ಹಾಗೆ. ವಾಯ್ಡ್ ಅಂದರೆ ಹೇಳಿದ ಕೆಲಸ ಮಾಡಿ ಬರುತ್ತದೆ, ಆದರೆ ಬರುವಾಗ ಕೈಯಲ್ಲಿ ಏನನ್ನೂ ತರುವುದಿಲ್ಲ. ನಮ್ಮವರನ್ನು ಸಂಜೆ ಒಂದು ಸುತ್ತು ಹೊರಗೆ ಕಳಿಸಿದರೆ ಹೀಗೆಯೇ, ಕೈಬೀಸಿಕೊಂಡು ಬರುತ್ತಾರೆ. ಮೇನ್ ಅಂದರೆ ಇಲ್ಲಿಂದ ಶುರು. ಉಳಿದದ್ದು ಎರಡು: ಕ್ಲಾಸ್, ಮತ್ತು ಆ ಸ್ಟ್ಯಾಟಿಕ್.

ಕ್ಲಾಸ್ ಅಂದರೆ ನೀಲನಕ್ಷೆಯ ಹಾಗೆ ಎಂದು ಚೈತ್ರಾ ಹೇಳಿದ್ದಳು, ಅದರಿಂದ ಕಟ್ಟಿದ ಮನೆಗಳೇ ಆಬ್ಜೆಕ್ಟುಗಳಂತೆ. ನಾನು ಬೆಳೆದದ್ದು ಕ್ವಾರ್ಟರ್ಸಿನ ಸಾಲುಮನೆಯಲ್ಲಿ, ನೀಲನಕ್ಷೆಯನ್ನು ನಾನಾಗಲಿ ನನ್ನ ತರಗತಿಯ ಮಕ್ಕಳಾಗಲಿ ಕಣ್ಣಿಂದ ಕಂಡವರಲ್ಲ. ನಮಗೆ ತಿಳಿದದ್ದು ಬೇಕು ಎಂದು ಯೋಚಿಸುತ್ತಾ ಕೂತಾಗ ನೆನಪಾದದ್ದು ಗೌರಮ್ಮತ್ತೆಯ ಸಕ್ಕರೆ ಅಚ್ಚು.

ಗೌರಮ್ಮತ್ತೆ ನಮ್ಮ ಪಕ್ಕದ ಮನೆಯವರು. ತವರಿನಿಂದ ಅವರು ತಂದಿದ್ದ ಮರದ ಅಚ್ಚುಗಳು ಸಂಕ್ರಾಂತಿಗೆ ಮುಂಚೆ ಇಡೀ ಸಾಲಿನ ಮನೆಗಳನ್ನು ಸುತ್ತುತ್ತಿದ್ದವು. ಗಿಳಿ, ಆನೆ, ನವಿಲು, ತುಳಸಿಕಟ್ಟೆ. ಮುಂದಿನ ಮನೆಯ ತಮಿಳಿನ ಸೆಲ್ವಿ ಅಕ್ಕ ಕೂಡ ಅವರ ಪೊಂಗಲಿನ ಗಲಾಟೆಯ ನಡುವೆ ಒಂದು ದಿನ ಬಂದು ಇಸಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಸರದಿ ಬಂದಾಗ ಅಮ್ಮ ಅವನ್ನು ನೀರಿನಲ್ಲಿ ನೆನೆಸಿಡುತ್ತಿದ್ದಳು. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬೆಳ್ಳಗಾಗುವ ತನಕ ತಿರುವುತ್ತಿದ್ದಳು. ಪಾಕ ಹುಯ್ಯುವ ಮುಂಚೆ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತುವಾಗ ಅವು ಸರಿಯದ ಹಾಗೆ ಹಿಡಿದುಕೊಳ್ಳುವುದು ನನ್ನ ಕೆಲಸ. ಸ್ವಲ್ಪ ಸಡಿಲವಾದರೂ ಪಾಕ ಸೋರಿ ಆನೆಗೆ ಪಕ್ಕದಲ್ಲೊಂದು ರೆಕ್ಕೆ ಮೂಡುತ್ತಿತ್ತು. ದಾರ ಬಿಚ್ಚುವಾಗ ಕಿವಿ ಮುರಿದ ಆನೆ ನನ್ನ ಪಾಲಿಗೆ, ಹಾಗಾಗಿ ಕಿವಿ ಮುರಿಯಲೆಂದು ನಾನು ದೇವರನ್ನು ಬೇಡುತ್ತಿದ್ದೆ. ಒಂದು ವರ್ಷ ನಮ್ಮ ಮನೆಯಲ್ಲಿದ್ದಾಗಲೇ ಗಿಳಿಯ ಅಚ್ಚು ಬಿರುಕು ಬಿಟ್ಟಿತು. ಗೌರಮ್ಮತ್ತೆ ಬೈಯಲಿಲ್ಲ, ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿದರು.

ಒಂದೇ ಮರ, ಎಷ್ಟೊಂದು ಆನೆ! ಎಲ್ಲವೂ ಆನೆಯೇ, ಆದರೆ ಒಂದಕ್ಕೆ ಕಿವಿಯಿಲ್ಲ, ಒಂದಕ್ಕೆ ಕೇಸರಿ ಬಣ್ಣ, ಒಂದು ಆಗಲೇ ನನ್ನ ಬಾಯಲ್ಲಿ. ಒಂದರ ಕಿವಿ ಮುರಿದರೆ ಇನ್ನೊಂದಕ್ಕೆ ನೋವಿಲ್ಲ. ಮರದ್ದು ಕ್ಲಾಸು, ಸಕ್ಕರೆಯದು ಆಬ್ಜೆಕ್ಟು. ಚೈತ್ರಾಳಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಿಟ್ಟು, ಇದನ್ನೇ ಹೇಳಿ ಮೇಡಂ, ಬದಲಾಯಿಸಬೇಡಿ ಎಂದಳು. ಸ್ಟ್ಯಾಟಿಕ್ ಮಾತ್ರ ಹಾಗೇ ಉಳಿಯಿತು. ಆಬ್ಜೆಕ್ಟ್ ಇಲ್ಲದೆಯೂ ನಡೆಯುವಂಥದ್ದು ಅದು ಎಂದು ಅವಳು ಪುಸ್ತಕದ ವಾಕ್ಯ ಹೇಳಿದಳು. ಮೇನ್ ಯಾಕೆ ಹಾಗಿರಬೇಕು ಎಂದರೆ, ಪುಸ್ತಕದಲ್ಲಿ ಅಷ್ಟೇ ಇದೆ ಮೇಡಂ ಎಂದಳು. ಆ ಪದವನ್ನು ಬೇಗ ಓದಿ ದಾಟಿಬಿಡುವುದು, ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳುವುದು ಎಂದು ನಿಶ್ಚಯಿಸಿದೆ.

ಪಾಠದ ದಿನ ಬಸ್ಸು ತಡವಾಯಿತು. ಓಡುತ್ತಾ ಒಳಗೆ ಬಂದಾಗ ಮಕ್ಕಳೆಲ್ಲ ಕೂತಿದ್ದರು, ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಪೆನ್ನು ಉರುಳಿಸುತ್ತಿದ್ದರು. ಚೈತ್ರಾ ಪ್ರೊಜೆಕ್ಟರಿನ ಪಕ್ಕ ಕೂತು ಕಣ್ಣಲ್ಲೇ ಧೈರ್ಯ ಹೇಳಿದಳು. ಪ್ರೋಗ್ರಾಂ ಒತ್ತಿ ಮುಗಿಸಿದೆ. ಓಡಿಸಿದರೆ ಪರದೆ ಕೆಂಪಾಯಿತು. ಹಿಂದೆ ಪೆನ್ನಿನ ಸದ್ದು ನಿಂತಿತು. ಸಿಸ್ಟಮ್ಮಿನ ಮೊದಲ ಅಕ್ಷರ ಸಣ್ಣದಾಗಿತ್ತು. ಇದೊಂದು ತಪ್ಪನ್ನಾದರೂ ನಾನು ಚೆನ್ನಾಗಿ ಬಲ್ಲೆ. ಕನ್ನಡದಲ್ಲಿ ದೊಡ್ಡ ‘ಸ’ ಇಲ್ಲವಲ್ಲ, ಅದಕ್ಕೇ ನಮ್ಮ ಕೈ ಇಲ್ಲಿ ಎಡವುತ್ತದೆ ಎಂದೆ. ಮಕ್ಕಳು ನಕ್ಕರು, ಅವರೆಲ್ಲರ ಕೈಯೂ ಅಲ್ಲಿ ಎಡವಿತ್ತು. ಷಷ್ಠಿಯ ಚುಕ್ಕಿಗೆ ಬಂದಾಗ, ನಿಮ್ಮ ನಿಮ್ಮ ವಿಳಾಸವನ್ನು ಚುಕ್ಕಿ ಇಟ್ಟು ಹೇಳಿ ಎಂದೆ. ಶಿವಮೊಗ್ಗ ಚುಕ್ಕಿ ಆಲ್ಕೊಳ ಚುಕ್ಕಿ ಎಂದು ಒಬ್ಬೊಬ್ಬರೂ ಎದ್ದು ಹೇಳಿದರು. ನನಗೆ ಉಸಿರು ಬಂತು.

ಆಮೇಲೆ ಕ್ಲಾಸ್. ಸಕ್ಕರೆ ಅಚ್ಚಿನ ಕಥೆಯನ್ನು ಗೌರಮ್ಮತ್ತೆಯ ಸಮೇತ ಹೇಳಿದೆ. ಅಚ್ಚು ಅಂದರೆ ಕ್ಲಾಸ್ ಎಂದೆ. ಎಲ್ಲರ ಕಣ್ಣೂ ಬೆಳಗಿದಂತೆ ಕಂಡಿತು. ಹುಮ್ಮಸ್ಸಿನಲ್ಲಿ ರಕ್ಷಿತಾಳನ್ನು ಎಬ್ಬಿಸಿದೆ. ಹೊಳೆಹೊನ್ನೂರಿನಿಂದ ಬರುವ ಹುಡುಗಿ, ತರಗತಿಯಲ್ಲಿ ಅದುವರೆಗೆ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾದರೆ ಆಬ್ಜೆಕ್ಟ್ ಯಾವುದಮ್ಮ ಎಂದೆ.

“ಅಚ್ಚು, ಮ್ಯಾಮ್.”

ಮತ್ತೆ ಕ್ಲಾಸ್ ಯಾವುದು ಎಂದೆ.

“ಅದೂ ಅಚ್ಚೇ ಮ್ಯಾಮ್.”

ತರಗತಿ ಗೊಳ್ಳೆಂದಿತು. ರಕ್ಷಿತಾ ಕೆಂಪಾಗಿ ತಲೆ ತಗ್ಗಿಸಿದಳು. ಪ್ರಾಂಶುಪಾಲರು ನಗಲಿಲ್ಲ, ನನ್ನನ್ನೇ ನೋಡಿದರು. ಇಷ್ಟು ಹೊತ್ತು ಹೇಳಿದ್ದು ನೀರಲ್ಲಿ ಹೋಯಿತು ಎಂದುಕೊಂಡು ಹುಡುಗಿಯ ಮೇಲೆ ಸಿಟ್ಟೂ ಬಂತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಮರದ್ದೂ ಅಚ್ಚೇ, ಅದರಿಂದ ಬರುವ ಸಕ್ಕರೆಯದೂ ಅಚ್ಚೇ. ಹುಟ್ಟಿದಾಗಿನಿಂದ ಎರಡನ್ನೂ ಹಾಗೆಯೇ ಕರೆದಿದ್ದೇವೆ. ಇಂಥ ಮಾತೊಂದನ್ನು ಆರಿಸಿ ತಂದು ಮಕ್ಕಳ ಮುಂದಿಟ್ಟದ್ದು ಕನ್ನಡದಲ್ಲಿ ಎಂ.ಎ. ಮಾಡಿದ ನಾನು.

ನಗುವವರನ್ನು ಗದರಿ ಸುಮ್ಮನಾಗಿಸಿದೆ. ರಕ್ಷಿತಾಳನ್ನು ಕೂರಲು ಬಿಡಲಿಲ್ಲ. ಅಂಗಡಿಗೆ ಹೋಗಿ ಒಂದು ಅಚ್ಚು ಬೆಲ್ಲ ಕೊಡಿ ಎಂದರೆ ಏನು ಕೊಡುತ್ತಾರೆ ಎಂದು ಕೇಳಿದೆ. ಬೆಲ್ಲ ಎಂದಳು. ಅಚ್ಚು ಬಿರುಕು ಬಿಟ್ಟಿತು ಎಂದು ಗೌರಮ್ಮತ್ತೆ ಅತ್ತರಲ್ಲ, ಯಾವುದು ಬಿರುಕು ಬಿಟ್ಟದ್ದು? ಮರದ್ದು ಎಂದಳು. ಸಕ್ಕರೆಯದು ಬಿರುಕು ಬಿಟ್ಟಿದ್ದರೆ? ಸ್ವಲ್ಪ ಯೋಚಿಸಿ, ಯಾರೂ ಅಳ್ತಿರಲಿಲ್ಲ ಮ್ಯಾಮ್, ತಿಂತಿದ್ರು ಎಂದಳು. ಈ ಸಲ ತರಗತಿ ಅವಳ ಜೊತೆ ನಕ್ಕಿತು. ನೋಡಿ, ಮಾತು ಒಂದೇ ಆದರೂ ನಿಮಗೆ ಎರಡೂ ಬೇರೆಯೆಂದು ಗೊತ್ತಿದೆ, ಇನ್ನು ಮೇಲೆ ಅಚ್ಚು ಅನ್ನುವುದೇ ಬೇಡ, ಮರ ಮತ್ತು ಸಕ್ಕರೆ ಎಂದೇ ಕರೆಯೋಣ ಎಂದೆ. ಹಲಗೆಯ ಮೇಲೆ ಎರಡನ್ನೂ ಬರೆದೆ.

ಆಗ ಹಿಂದಿನ ಬೆಂಚಿನಿಂದ ಪ್ರಾಂಶುಪಾಲರ ಧ್ವನಿ ಬಂತು.

“ಮೇಡಂ, ಎಲ್ಲಾ ಹೇಳಿದ್ರಿ. ಆ ಸ್ಟ್ಯಾಟಿಕ್ ಯಾಕಿದೆ ಅಂತ ಹೇಳ್ಲಿಲ್ಲ.”

ಪುಸ್ತಕದ ವಾಕ್ಯ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ‘ಯಾಕೆ’ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಚೈತ್ರಾಳ ಕಡೆ ನೋಡಿದೆ. ಅವಳು ಹೇಳಲೋ ಬೇಡವೋ ಎಂದು ಅರ್ಧ ಎದ್ದು ಕೂತಳು. ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಇಲ್ಲಿಗೆ ಆಯಿತು, ನಾಲ್ಕು ಪದದಲ್ಲಿ ಒಂದು ಪದ ನನ್ನನ್ನು ಮನೆಗೆ ಕಳಿಸುತ್ತದೆ ಎಂದು ಸ್ಪಷ್ಟವಾಗಿ ತಿಳಿಯಿತು. ಗೊತ್ತಿಲ್ಲ ಸರ್ ಎಂದು ಹೇಳಿಬಿಡಲು ತಯಾರಾದೆ.

ರಕ್ಷಿತಾ ಇನ್ನೂ ನಿಂತೇ ಇದ್ದಳು. ಅವಳನ್ನು ಕೂರಿಸುವುದನ್ನು ನಾನು ಮರೆತಿದ್ದೆ. ಹಲಗೆಯನ್ನೇ ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳುವಂತೆ ಮಾತಾಡಿದಳು.

“ಮ್ಯಾಮ್, ಮೇನ್ ಇಂದ ತಾನೆ ಎಲ್ಲಾ ಶುರುವಾಗೋದು? ಆವಾಗಿನ್ನೂ ಯಾರೂ ಸಕ್ಕರೆ ಹುಯ್ದೇ ಇರಲ್ಲ. ಬರೀ ಮರ ಇರುತ್ತೆ. ಮತ್ತೆ ಮೊದಲನೇ ಕೆಲಸನ ಮರನೇ ಮಾಡ್ಬೇಕಲ್ವಾ? ಸ್ಟ್ಯಾಟಿಕ್ ಅಂದ್ರೆ ಮರದ್ದು ಅಂತನಾ?”

ಇಷ್ಟು ವಾರ ನಾನು ತಲೆ ಚಚ್ಚಿಕೊಂಡ ಪದ ಆ ಹುಡುಗಿಯ ಬಾಯಲ್ಲಿ ಸುಲಭವಾಗಿ ಬಿಚ್ಚಿಕೊಂಡಿತ್ತು. ಆಬ್ಜೆಕ್ಟ್ ಒಂದೂ ಹುಟ್ಟಿರದ ಹೊತ್ತಿನಲ್ಲಿ ಮೇನ್ ನಡೆಯಬೇಕು, ಆದ್ದರಿಂದ ಅದು ಕ್ಲಾಸಿಗೇ ಸೇರಿದ್ದಾಗಿರಬೇಕು. ಚೈತ್ರಾಳನ್ನು ನೋಡಿದೆ. ಅವಳು ಕಣ್ಣರಳಿಸಿ, ಸರಿ ಸರಿ ಎಂದು ಜೋರಾಗಿ ತಲೆಯಾಡಿಸುತ್ತಿದ್ದಳು. ಹೌದಮ್ಮ, ಅದೇ ಎಂದೆ.

ಪ್ರಾಂಶುಪಾಲರು ರಕ್ಷಿತಾಳನ್ನು ನೋಡಿ, ಇದನ್ನು ನಿಮ್ಮ ಮೇಡಂ ಮೊದಲೇ ಹೇಳಿಕೊಟ್ಟಿದ್ದರಾ ಎಂದು ಕೇಳಿದರು. ಹೂಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅವಳನ್ನೇ ನೋಡುತ್ತಿದ್ದೆ. ನಾಚಿಕೆಗೇಡು, ಆದರೆ ಹಾಗೆ ಹೇಳಲಿ ಎಂದು ಮನಸ್ಸು ಬಯಸಿತು.

“ಇಲ್ಲ ಸರ್, ಮ್ಯಾಮ್ ಅದೊಂದನ್ನ ಹೇಳ್ಲೇ ಇಲ್ಲ,” ಎಂದಳು ಹುಡುಗಿ. “ಈಗ ನಂಗೇ ಗೊತ್ತಾಯ್ತು.”

ಮುಗಿಯಿತು ಎಂದುಕೊಂಡೆ. ಪ್ರಾಂಶುಪಾಲರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಮೂರನೆಯ ಬೆಂಚಿನವಳೊಬ್ಬಳು, ಹಾಗಾದರೆ ನಮಸ್ಕಾರ ಅಂದದ್ದು ಮರವಾ ಸಕ್ಕರೆಯಾ ಎಂದು ಪಕ್ಕದವಳನ್ನು ಕೇಳಿದಳು. ಮರ ಎಂದು ಪಕ್ಕದವಳು ಹೇಳಿದರೆ, ಸಕ್ಕರೆಯೇ ಇಲ್ಲದಿದ್ದರೆ ಮರ ಹೇಗೆ ಮಾತಾಡುತ್ತೆ ಎಂದು ಹಿಂದಿನಿಂದ ಇನ್ನೊಬ್ಬಳು ಜಗಳಕ್ಕೆ ಬಂದಳು. ರಕ್ಷಿತಾ ತಿರುಗಿ ನಿಂತು ಅವಳಿಗೆ ಬಿಡಿಸಿ ಹೇಳತೊಡಗಿದಳು. ಕ್ಷಣದಲ್ಲಿ ತರಗತಿ ಸಂತೆಯಾಯಿತು. ನನ್ನ ಮರ್ಯಾದೆಗೆಂದಾದರೂ ಅವರನ್ನು ಸುಮ್ಮನಿರಿಸಬೇಕಿತ್ತು. ಅದು ಬಿಟ್ಟು ನಾನೂ ರಕ್ಷಿತಾ ಹೇಳುವುದನ್ನೇ ಕೇಳುತ್ತಾ ನಿಂತೆ. ಪ್ರಾಂಶುಪಾಲರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಾ ಆ ಗದ್ದಲವನ್ನು ಬಹಳ ಹೊತ್ತು ಕೇಳಿದರು. ಪಾಠ ಹತ್ತುತ್ತಿಲ್ಲವೆಂದು ಅವರಿಗೆ ದೂರು ಬಂದಿದ್ದ ಮಕ್ಕಳು ಇವರೇ.

ಅವರು ಎದ್ದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಬಾಗಿಲ ಹತ್ತಿರ ನನ್ನನ್ನು ದಾಟುವಾಗ ಒಂದು ಗಳಿಗೆ ನಿಂತರು.

“ನಾಳೆ ಎರಡನೇ ಪ್ರೋಗ್ರಾಂ ಮಾಡಿ ಮೇಡಂ. ನಾನು ಬರಲ್ಲ.”

ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಆ ಕಾಲೇಜಿನಲ್ಲಿ ಯಾರಾದರೂ ಹೇಳಿದ ಅತ್ಯಂತ ಒಳ್ಳೆಯ ಮಾತು ಆ ‘ನಾನು ಬರಲ್ಲ’. ಅವರ ಬೂಟಿನ ಸದ್ದು ಮೆಟ್ಟಿಲಿಳಿದು ಹೋಗುವ ತನಕ ತಡೆದುಕೊಂಡು, ಹಲಗೆಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಮಕ್ಕಳಿಗೆ ಗೊತ್ತಾಗದಿರಲೆಂದು ಒರೆಸಬೇಕಿಲ್ಲದ ಹಲಗೆಯನ್ನೂ ಒರೆಸಿದೆ. ಆಮೇಲೆ ಪ್ರೊಜೆಕ್ಟರಿನ ತಂತಿ ಸುತ್ತುತ್ತಿದ್ದ ಚೈತ್ರಾಳ ಹತ್ತಿರ ಹೋಗಿ, ಮಕ್ಕಳಿಗೆ ಕೇಳಿಸದಂತೆ ಬಗ್ಗಿ ಕೇಳಿದೆ:

“ಎರಡನೇದು ಅಂತ ಒಂದಿದೆಯಾ ಮಾರಾಯ್ತಿ?”